ಕೈನೂಲಿನ ಅಂಗಿ: ಮೈಲಾರ ಮಹಾದೇವಪ್ಪನವರ ಬಾಳು

ಹಾವೇರಿಯ ರೈಲು ನಿಲ್ದಾಣ ಇಂದು ಮೈಲಾರ ಮಹಾದೇವಪ್ಪನವರ ಹೆಸರನ್ನು ಹೊತ್ತಿದೆ. ಅದೇ ಊರಿನಲ್ಲಿ ಅವರ ನೆನಪಿಗಾಗಿ ವೀರಸೌಧ ನಿಂತಿದೆ. 2018ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಶಾಲೆಗಳಲ್ಲಿ ಅವರ ಹೆಸರನ್ನರಿಯದ ವಿದ್ಯಾರ್ಥಿ ದೊರೆಯುವುದು ಅಪೂರ್ವ. ಆದರೆ ಆ ವಿದ್ಯಾರ್ಥಿಗೆ ತಿಳಿದಿರುವುದು ಬಹುಮಟ್ಟಿಗೆ ಎರಡು ದಿನಗಳ ವೃತ್ತಾಂತವೇ. ಒಂದು, 1930ರ ಮಾರ್ಚ್ 12: ಅಂದು ಮಹಾದೇವಪ್ಪನವರು ಗಾಂಧೀಜಿಯವರ ಹಿಂದೆ ದಂಡಿಯ ಹಾದಿ ಹಿಡಿದರು. ಇನ್ನೊಂದು, 1943ರ ಏಪ್ರಿಲ್ 1: ಅಂದು ಅವರು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿ ಮಡಿದರು. ಈ ಎರಡು ದಿನಗಳ ನಡುವೆ ಹದಿಮೂರು ವರ್ಷಗಳಿವೆ. ಆ ವರ್ಷಗಳಲ್ಲಿ ಅವರು ಹಿಡಿದ ನಿತ್ಯದ ಕೆಲಸವಾವುದು, ಆ ಕೆಲಸ ಅವರಿಗೆ ಕಲಿಸಿದ್ದೇನು ಎಂಬುದನ್ನು ಕೇಳುವವರು ಕಡಿಮೆ. ಆ ಕೆಲಸ ನೂಲಿನದು. ತಾನು ತೊಡುವ ಬಟ್ಟೆಯನ್ನು ತನ್ನ ಊರಿನಲ್ಲಿ, ತನ್ನ ಕೈಯಿಂದ ಮಾಡಿಕೊಳ್ಳುವ ವಿದ್ಯೆಯದು. ಅವರ ಬಾಳನ್ನು ಆ ಅಂಗಿಯ ಕಡೆಯಿಂದ ನೋಡುವುದು ಈ ಬರಹದ ಉದ್ದೇಶ.

ಮಹಾದೇವಪ್ಪನವರು ಹುಟ್ಟಿದ್ದು 1911ನೆಯ ಇಸವಿಯ ಜೂನ್ 8ರಂದು, ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಮನೆತನದ ಹೆಸರು ಮೈಲಾರ. ಮಾರ್ತಾಂಡನೆಂಬುದೂ ಮೈಲಾರನೆಂಬುದೂ ಒಬ್ಬ ದೇವರಿಗೇ ಸಲ್ಲುವ ಹೆಸರುಗಳು. ರಾಣೆಬೆನ್ನೂರಿನ ಬಳಿಯ ದೇವರಗುಡ್ಡದಲ್ಲಿ ಕಾರ್ಣಿಕ ನುಡಿಯುವ ಗೊರವಪ್ಪನನ್ನು ಕಂಡವರಿಗೆ ಈ ಹೆಸರುಗಳ ಬೇರು ಎಲ್ಲಿದೆಯೆಂದು ಹೇಳಬೇಕಾಗಿಲ್ಲ. ಆಗ ಈ ಸೀಮೆಯೆಲ್ಲ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದಿತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಮೋಟೆಬೆನ್ನೂರು ಒಕ್ಕಲುತನದ ಊರು. ಸುತ್ತಲ ನೆಲದ ಹೆಸರುವಾಸಿಯಾದ ಬೆಳೆಗಳೆಂದರೆ ಹತ್ತಿ, ಜೋಳ, ಮೆಣಸಿನಕಾಯಿ.

ಈ ಹತ್ತಿಯ ಕಥೆಯನ್ನು ತುಸು ಬಿಡಿಸಿ ಹೇಳದೆ ಮಹಾದೇವಪ್ಪನವರ ಕಥೆ ತಿಳಿಯದು. ಧಾರವಾಡ ಸೀಮೆಯ ದೇಶೀ ಹತ್ತಿ ಘಟ್ಟವಿಳಿದು ಕುಮಟೆಯ ಬಂದರದಿಂದ ಹಡಗು ಹತ್ತುತ್ತಿದ್ದುದರಿಂದ ವ್ಯಾಪಾರಿಗಳ ಬಾಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರಾಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲಿಷರು ಅಮೆರಿಕೆಯ ಬೀಜವನ್ನು ತಂದು ಇಲ್ಲಿ ಬಿತ್ತಿಸಿದರು. ಅದು ಈ ಮಣ್ಣಿಗೆ ಒಗ್ಗಿ ಧಾರವಾಡ-ಅಮೆರಿಕನ್ ಎಂಬ ಜಾತಿಯಾಯಿತು. 1861ರಿಂದ 1865ರ ವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲಂಡಿನ ಗಿರಣಿಗಳಿಗೆ ಸಿಕ್ಕದೆ ಹೋದಾಗ, ಈ ನಾಡಿನ ಹತ್ತಿಯ ಬೆಲೆ ಒಮ್ಮೆಲೆ ಏರಿತು. ಯುದ್ಧ ಮುಗಿಯುತ್ತಲೆ ಇಳಿದುಹೋಯಿತು. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ರೈಲುದಾರಿ ಬಿದ್ದ ಮೇಲೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಅಂಡಿಗೆಗಳು ನೇರವಾಗಿ ದೂರದ ಪೇಟೆಗಳಿಗೆ ಹೊರಟವು. ಅದೇ ದಾರಿಯಲ್ಲಿ ಮರಳಿ ಬಂದದ್ದು ಗಿರಣಿಯ ಬಟ್ಟೆ. ಹತ್ತಿ ಬೆಳೆದವನ ಮನೆಯಲ್ಲಿಯೇ ಹತ್ತಿಯ ಬಟ್ಟೆಗೆ ಕಾಸು ಎಣಿಸಬೇಕಾದ ಕಾಲ ಬಂದಿತು.

ಹಾಗೆಂದು ಈ ಸೀಮೆಯ ಮನೆಗಳಲ್ಲಿ ಸೂಜಿ-ದಾರ ಇಲ್ಲವಾಗಿತ್ತೆಂದಲ್ಲ. ಹಳೆಯ ಸೀರೆ ಧೋತರಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿಗೆ ಸಾಲುಹೊಲಿಗೆ ಹಾಕುತ್ತ ಹೋಗುವ ಕೌದಿ, ಕೂಸಿನ ತಲೆಗೆ ಹೊದಿಸುವ ಕುಂಚಿಗೆ, ಹೆಂಗಸರು ತೊಡುವ ಕುಬುಸ ಇವೆಲ್ಲ ಉತ್ತರ ಕರ್ನಾಟಕದ ತಾಯಂದಿರ ಕೈಗೆಲಸಗಳು. ಗಂಡಸಿನ ಅಂಗಿಯನ್ನು ಕತ್ತರಿಸುವುದು ಊರ ಚಿಪ್ಪಿಗನ ಪಾಲಿಗಿದ್ದಿತು. ಕುರುಬರ ಮನೆಯಲ್ಲಿ ಉಣ್ಣೆಯ ದಾರ ತಿರುವಿ ಕಂಬಳಿ ನೇಯುತ್ತಿದ್ದರು. ರಾಣೆಬೆನ್ನೂರು ತಾಲೂಕಿನ ತುಮ್ಮಿನಕಟ್ಟಿಯಂಥ ಊರುಗಳಲ್ಲಿ ನೇಕಾರರ ಮಗ್ಗಗಳ ಸದ್ದು ಕೇಳುತ್ತಿದ್ದಿತು. ಆದರೆ ಆ ಮಗ್ಗಗಳಿಗೆ ಏರುವ ನೂಲು ಬಹುಪಾಲು ಗಿರಣಿಯದಾಗಿದ್ದಿತು. ಹೊಲಕ್ಕೂ ಮಗ್ಗಕ್ಕೂ ನಡುವೆ ಇದ್ದ ರಾಟೆ ಅಟ್ಟ ಸೇರಿ, ಸರಪಳಿಯ ನಡುಗೊಂಡಿ ಕಳಚಿದ್ದಿತು. ಗಾಂಧೀಜಿಯವರ ಖಾದಿ ಚಳವಳಿ ಮತ್ತೆ ಹಾಕಹೊರಟದ್ದು ಈ ಕೊಂಡಿಯನ್ನು.

ಆ ಚಳವಳಿಯ ಅಲೆ ಕನ್ನಡ ನಾಡಿಗೆ ಬಲವಾಗಿ ತಾಗಿದ ವರ್ಷ 1924. ಆ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಕಾಂಗ್ರೆಸ್ಸಿನ ಸದಸ್ಯನಾಗುವವನು ಹಣದ ಚಂದಾ ಕೊಡುವ ಬದಲು ತಿಂಗಳಿಗೆ 2000 ಗಜ ನೂಲನ್ನು ಕೊಡತಕ್ಕದ್ದೆಂಬ ನಿಯಮಕ್ಕೆ ಅಲ್ಲಿ ಒಪ್ಪಿಗೆ ದೊರೆಯಿತು. ಮರುವರ್ಷ ಅಖಿಲ ಭಾರತ ಚರಕಾ ಸಂಘ ಸ್ಥಾಪನೆಯಾಯಿತು. ನಿಯಮ ಹೆಚ್ಚು ಕಾಲ ಬಾಳಲಿಲ್ಲ. ಆದರೆ ದೇಶಭಕ್ತಿಯನ್ನು ಭಾಷಣದಿಂದ ಅಳೆಯದೆ ಗಜಕಡ್ಡಿಯಿಂದ ಅಳೆಯುವ ಆ ಕಲ್ಪನೆ ಹಳ್ಳಿಯ ಹುಡುಗರ ಮನಸ್ಸನ್ನು ಹಿಡಿಯಿತು. ಭಾಷಣ ಮಾಡಲು ವಿದ್ಯೆ ಬೇಕು, ಹಣ ಕೊಡಲು ಆಸ್ತಿ ಬೇಕು. ನೂಲು ತೆಗೆಯಲು ಬೇಕಾದದ್ದು ಎರಡು ಕೈ ಮತ್ತು ತಾಳ್ಮೆ. ಬೆಳಗಾವಿಯ ಅಧಿವೇಶನದ ಕಾಲಕ್ಕೆ ಮಹಾದೇವಪ್ಪನಿಗೆ ಹದಿಮೂರು ವರ್ಷ. ಮೋಟೆಬೆನ್ನೂರಿನಲ್ಲಿಯೂ ಹಂಸಭಾವಿಯಲ್ಲಿಯೂ ಆತನ ಓದು ನಡೆಯಿತು. ಓದಿಗಿಂತ ಖಾದಿಯ ಸೆಳೆತ ಹೆಚ್ಚಾಗಿ, ತಾರುಣ್ಯಕ್ಕೆ ಕಾಲಿಡುವ ಹೊತ್ತಿಗೆ ಆತ ಮನೆ ಬಿಟ್ಟು, ಭಾಷೆಯರಿಯದ ಗುಜರಾತಿಗೆ ಹೋಗಿ, ಸಾಬರಮತಿಯ ಆಶ್ರಮವನ್ನು ಸೇರಿದನು.

ಸಾಬರಮತಿಯ ಆಶ್ರಮವೆಂದರೆ ಪ್ರಾರ್ಥನೆ, ಉಪವಾಸಗಳ ಸ್ಥಳವೆಂದು ಮಾತ್ರ ತಿಳಿದವರುಂಟು. ಅದು ದುಡಿಮೆಯ ಶಾಲೆಯೂ ಆಗಿದ್ದಿತು. ಹತ್ತಿಯಿಂದ ಬಟ್ಟೆಯ ವರೆಗಿನ ಪ್ರತಿಯೊಂದು ಕೆಲಸವನ್ನೂ ಅಲ್ಲಿ ಕಲಿಸುತ್ತಿದ್ದರು. ಅರಳೆಯೊಳಗಿನ ಕಾಳನ್ನು ಬೇರ್ಪಡಿಸುವುದು ಮೊದಲನೆಯದು. ಬಿಲ್ಲಿನ ತಂತಿಯನ್ನು ಮಿಡಿದು ಅರಳೆಯನ್ನು ಹಿಂಜಿ, ಮೋಡದ ಹಾಗೆ ಹಗುರಾಗಿಸುವುದು ಎರಡನೆಯದು. ಈ ಹಂತದಲ್ಲಿ ಅವಸರ ಮಾಡಿದವನ ನೂಲು ಮುಂದೆ ಹೆಜ್ಜೆಹೆಜ್ಜೆಗೂ ಹರಿಯುತ್ತದೆ. ಹಿಂಜಿದ ಅರಳೆಯನ್ನು ಕಡ್ಡಿಗೆ ಸುತ್ತಿ ಬೆರಳುದ್ದದ ಹಂಜಿಗಳನ್ನು ಮಾಡಿಟ್ಟುಕೊಳ್ಳುವುದು ಮೂರನೆಯದು. ಬಳಿಕ ರಾಟೆ. ಬಲಗೈ ಚಕ್ರವನ್ನು ತಿರುವುತ್ತಿರಲು ಎಡಗೈ ಹಂಜಿಯನ್ನು ಕದಿರಿನ ಮೊನೆಯಿಂದ ಹಿಂದಕ್ಕೆಳೆಯುತ್ತದೆ. ಎಳೆತ ಹೆಚ್ಚಾದರೆ ಎಳೆ ಕಡಿಯುತ್ತದೆ, ತಿರುವು ಹೆಚ್ಚಾದರೆ ಗಂಟುಗಟ್ಟುತ್ತದೆ. ಎರಡು ಕೈಗಳ ನಡುವಿನ ಈ ಹೊಂದಾಣಿಕೆಯನ್ನು ಯಾವ ಗುರುವೂ ಮಾತಿನಿಂದ ಕಲಿಸಲಾರ. ಎಷ್ಟೋ ನೂಲು ಹರಿದುಹೋದ ಮೇಲೆ ಕೈಗೆ ತಾನೇ ತಿಳಿಯುತ್ತದೆ.

ಆಶ್ರಮವಾಸಿಯು ದಿನಕ್ಕೆ 160 ಸುತ್ತು ನೂಲು ತೆಗೆಯತಕ್ಕದ್ದೆಂದು ಕಟ್ಟಳೆಯಿದ್ದಿತು. ಒಂದು ಸುತ್ತು ನಾಲ್ಕು ಅಡಿ. ಹಾಗಾದರೆ ದಿನಕ್ಕೆ 640 ಅಡಿ, ಅಂದರೆ ಸುಮಾರು 213 ಗಜ. ಈ ಅಳತೆಯಿಂದ ಒಂದು ಅಂಗಿ ಎಷ್ಟು ದೂರವಿದೆಯೆಂದು ಲೆಕ್ಕ ಹಾಕುವುದು ಕಷ್ಟವಲ್ಲ. ತರುಣನೊಬ್ಬನ ಜುಬ್ಬಾಕ್ಕೆ 30 ಅಂಗುಲ ಪನ್ನದ ಮೂರು ಗಜ ಬಟ್ಟೆ ಬೇಕೆನ್ನೋಣ. ಅಂಗುಲಕ್ಕೆ ಉದ್ದದಲ್ಲಿ 36, ಅಡ್ಡದಲ್ಲಿ 36 ಎಳೆಗಳಿರುವ ದಪ್ಪ ಖಾದಿಯೆನ್ನೋಣ. ಹಾಸಿಗೆ 1080 ಎಳೆ, ಒಂದೊಂದೂ ಮೂರು ಗಜ. ಅದು 3240 ಗಜವಾಯಿತು. ಹೊಕ್ಕಿಗೂ ಲೆಕ್ಕ ಅಷ್ಟೇ ಬರುತ್ತದೆ. ಒಟ್ಟು 6480 ಗಜ. ದಿನಕ್ಕೆ 213 ಗಜದಂತೆ ಅದು ಮೂವತ್ತು ದಿನಗಳ ನೂಲು. ಹನ್ನೆರಡು ನಂಬರಿನ ನೂಲಾದರೆ ಅದರ ತೂಕ ಮುಕ್ಕಾಲು ಪೌಂಡಿಗೂ ಕಡಿಮೆ. ಹೊಲದಿಂದ ಬಿಡಿಸಿ ತಂದ ಎರಡು ಮೂರು ಪೌಂಡು ಹತ್ತಿಯಲ್ಲಿ ಅಷ್ಟು ಅರಳೆ ಸಿಕ್ಕುತ್ತದೆ. ಹತ್ತಿ ಬಹಳ ಬೇಡ. ಬೇಕಾದದ್ದು ಒಂದು ತಿಂಗಳು ಬಿಡದೆ ಕೂಡುವ ಮನಸ್ಸು. ಒಂದು ತಿಂಗಳಿಗೆ ಒಂದು ಅಂಗಿಯೆಂಬ ಈ ಸತ್ಯವನ್ನು ಕೈಯಿಂದ ಕಲಿತವನು ಯಾವ ಬಟ್ಟೆಯನ್ನೂ ಅಗ್ಗವೆಂದು ಕಾಣಲಾರ.

ನೂಲು ಲಡಿಯಾಗಿ, ಗಂಜಿಯುಂಡು, ಮಗ್ಗವೇರಿ ಬಟ್ಟೆಯಾದ ಮೇಲೆ ಕತ್ತರಿಯ ಸರದಿ. ಇಲ್ಲಿಯೂ ಹಳೆಯ ಜಾಣತನವೊಂದಿದೆ. ಪಶ್ಚಿಮದಲ್ಲಿ ಅಂಗಿಯನ್ನು ಮೈಯ ಅಂಕುಡೊಂಕಿಗೆ ತಕ್ಕಂತೆ ಕತ್ತರಿಸುವುದರಿಂದ ಅದಕ್ಕೆ ಕಾಗದದ ಮಾದರಿ ಬೇಕಾಯಿತು. ಅಮೆರಿಕೆಯ ದರ್ಜಿ ಎಬೆನೀಜರ್ ಬಟರಿಕ್ 1863ರಲ್ಲಿ ಬೇರೆ ಬೇರೆ ಅಳತೆಯ ಕಾಗದದ ಮಾದರಿಗಳನ್ನು ಮಾರಲಾರಂಭಿಸಿ, ಮನೆಯಲ್ಲಿಯೇ ಹೊಲಿದುಕೊಳ್ಳುವ ಗೃಹಿಣಿಯರಿಗೆ ದೊಡ್ಡ ಉಪಕಾರ ಮಾಡಿದನು. ನಮ್ಮ ಜುಬ್ಬಾಕ್ಕೆ ಮಗ್ಗದ ಪನ್ನವೇ ಮಾದರಿ. ಉದ್ದನೆಯ ಒಂದು ತುಂಡನ್ನು ಹೆಗಲಿನ ಬಳಿ ಮಡಿಸಿದರೆ ಎದೆ-ಬೆನ್ನು ಎರಡೂ ಆಯಿತು. ಮಡಿಕೆಯ ನಡುವೆ ಕೊರಳಿಗೆ ಒಂದು ಸೀಳು. ತೋಳಿಗೆ ಎರಡು ನೇರ ತುಂಡು, ಪಕ್ಕಗಳಿಗೆ ಕೆಳಗೆ ಅಗಲವಾಗುವ ಪಟ್ಟಿಗಳು. ಕಂಕುಳಲ್ಲಿ ಒಂದು ಚಿಕ್ಕ ಚೌಕವನ್ನು ಮೂಲೆಯಾಗಿ ತಿರುಗಿಸಿ ಸೇರಿಸಿದರೆ ಕೈ ಮೇಲೆತ್ತಿದಾಗ ಅಂಗಿ ಜಗ್ಗುವುದಿಲ್ಲ. ಹೀಗೆ ನೇರ ಗೆರೆಯಲ್ಲಿ ಕತ್ತರಿಸಿದ ಅಂಗಿಯಲ್ಲಿ ಬಟ್ಟೆ ಪೋಲಾಗುವುದೇ ಇಲ್ಲವೆನ್ನಬಹುದು. ಮೂವತ್ತು ದಿನಗಳ ನೂಲನ್ನು ಕತ್ತರಿಯ ಚೂರಾಗಿ ಬಿಸಾಡಲು ಯಾರಿಗೆ ಮನಸ್ಸು ಬಂದೀತು? ಯಂತ್ರಗಳ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಗಾಂಧೀಜಿಯವರು ಸಿಂಗರ್ ಹೊಲಿಗೆಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಅದು ಮನೆಯ ಕೈಯ ಬೇಸರವನ್ನು ಕಳೆಯಿತೇ ಹೊರತು ಆ ಕೈಯನ್ನು ಮನೆಯಿಂದ ಹೊರಗಟ್ಟಲಿಲ್ಲವೆಂಬುದು ಅವರ ವಿಚಾರವಾಗಿದ್ದಿತು.

ಮೋಟೆಬೆನ್ನೂರಿನ ತರುಣನ ಪಾಲಿಗೆ ಈ ಶಾಲೆಯ ಪರೀಕ್ಷೆ 1930ರಲ್ಲಿ ಬಂದಿತು. ಉಪ್ಪಿನ ಕಾಯಿದೆಯನ್ನು ಮುರಿಯಲು ದಂಡಿಗೆ ನಡೆದು ಹೋಗುವವರನ್ನು ಗಾಂಧೀಜಿಯವರು ಆಶ್ರಮದ ಶಿಸ್ತಿನಲ್ಲಿ ಪಳಗಿದವರಿಂದಲೇ ಆರಿಸಿದರು. ಆ 78 ಮಂದಿಯ ಪಟ್ಟಿಯಲ್ಲಿ ಕರ್ನಾಟಕದ ಹೆಸರು ಒಂದೇ. ಪಟ್ಟಿಯಲ್ಲಿ ಅದನ್ನು ತಂದೆಯ ಹೆಸರು ಸೇರಿಸಿ ಮಹಾದೇವ ಮಾರ್ತಾಂಡ ಎಂದು ಬರೆಯಲಾಗಿದೆ, ವಯಸ್ಸು ಹದಿನೆಂಟು. ಇಪ್ಪತ್ತನಾಲ್ಕು ದಿನಗಳಲ್ಲಿ ಸುಮಾರು 240 ಮೈಲುಗಳನ್ನು ಅವರು ಕಾಲ್ನಡಿಗೆಯಿಂದ ಕ್ರಮಿಸಿದರು. ದಾರಿಯಲ್ಲಿ ಪ್ರತಿಯೊಬ್ಬನಿಗೂ ಮೂರು ಕರ್ತವ್ಯಗಳು ತಪ್ಪದೆ ಇದ್ದವು: ಪ್ರಾರ್ಥನೆ, ದಿನಚರಿ ಬರೆಯುವುದು, ನೂಲುವುದು. ದಿನವಿಡೀ ನಡೆದು, ಕಾಲು ಬೊಕ್ಕೆಯೆದ್ದಿದ್ದರೂ, ಊರ ಹೊರಗಿನ ಮರದಡಿಯಲ್ಲಿ ಕುಳಿತು ನೂಲು ತೆಗೆಯಬೇಕು. ಜಗತ್ತಿನ ಪತ್ರಿಕೆಗಳು ಆ ನಡಿಗೆಯನ್ನು ಉಪ್ಪಿನ ನಡಿಗೆಯೆಂದು ವರ್ಣಿಸಿದವು. ನಡೆದವರ ಮೈಮೇಲಿದ್ದದ್ದು ಖಾದಿ, ಬೆರಳಿನಲ್ಲಿದ್ದದ್ದು ನೂಲು. ಏಪ್ರಿಲ್ 6ರಂದು ಗಾಂಧೀಜಿಯವರು ದಂಡಿಯ ಕಡಲ ತಡಿಯಲ್ಲಿ ಉಪ್ಪನ್ನೆತ್ತಿದಾಗ ಮಹಾದೇವಪ್ಪನವರಿಗೆ ಹತ್ತೊಂಬತ್ತು ತುಂಬಲು ಇನ್ನೂ ಎರಡು ತಿಂಗಳಿದ್ದವು. ಈ ಸತ್ಯಾಗ್ರಹಕ್ಕಾಗಿ ಅವರಿಗೆ ಆರು ತಿಂಗಳ ಸೆರೆಮನೆಯ ಶಿಕ್ಷೆಯಾಯಿತು.

ಸೆರೆಯಿಂದ ಹೊರಬಂದವರ ಮುಂದೆ ದೊಡ್ಡ ಊರುಗಳ ದೊಡ್ಡ ವೇದಿಕೆಗಳು ತೆರೆದಿದ್ದವು. ದಂಡಿಗೆ ನಡೆದ ಏಕೈಕ ಕನ್ನಡಿಗನೆಂಬ ಹೆಸರು ಆಗ ಸಣ್ಣದಾಗಿರಲಿಲ್ಲ. ಮಹಾದೇವಪ್ಪನವರು ತಮ್ಮ ಸೀಮೆಗೆ ಮರಳಿದರು. ಅವರ ಪತ್ನಿ ಸಿದ್ದಮ್ಮನವರೂ ಆಶ್ರಮದ ಬಾಳನ್ನೂ ಸೆರೆಮನೆಯ ಬಾಳನ್ನೂ ಕಂಡವರು. ಗಂಡನ ಮನೆಯನ್ನು ಕಾಯುವುದಕ್ಕಿಂತ ಗಂಡನ ವ್ರತವನ್ನು ಹಂಚಿಕೊಳ್ಳುವುದನ್ನು ಆರಿಸಿಕೊಂಡವರು. ಹಾವೇರಿ ತಾಲೂಕಿನ ಕೊರಡೂರಿನಲ್ಲಿ ಮಹಾದೇವಪ್ಪನವರು ಗ್ರಾಮಸೇವೆಯ ಆಶ್ರಮವನ್ನು ಕಟ್ಟಿದರು. ಸಾಬರಮತಿಯಲ್ಲಿ ಕಲಿತದ್ದನ್ನು ಜೋಳ, ಹತ್ತಿಗಳ ಹೊಲಗಳ ನಡುವೆ ನೆಡುವುದು ಆ ಕೆಲಸದ ತಿರುಳು.

ಆ ಕೆಲಸ ಹೂವಿನ ಹಾಸಿಗೆಯಾಗಿರಲಿಲ್ಲ. ಗಿರಣಿಯ ಬಟ್ಟೆ ನುಣುಪು, ತೆಳುವು, ಅಗ್ಗ. ಖಾದಿ ಒರಟು, ಭಾರ, ತುಟ್ಟಿ. ಒಗೆಯುವ ಕೈಗೆ ಖಾದಿ ನೀರುಂಡು ಕಲ್ಲಾಗುತ್ತದೆ. ಬೆಳಗಿನಿಂದ ಬೈಗಿನ ವರೆಗೆ ಕಳೆ ತೆಗೆದು ಬಂದ ಹೆಂಗಸಿಗೆ ರಾಟೆಯ ಮುಂದೆ ಕೂಡು ಎಂದು ಹೇಳುವವನು, ಅದರಿಂದ ಆಕೆಗೇನು ಸಿಕ್ಕೀತೆಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತಿತ್ತು. ನೂಲುವವಳ ಕೂಲಿ ಬಹಳ ಕಡಿಮೆಯಿದ್ದಿತೆಂಬುದು ಸುಳ್ಳಲ್ಲ. ಖಾದಿ ಅಗ್ಗವಾಗಲೆಂದು ಆಕೆಯ ಕೂಲಿಯನ್ನು ಅದುಮಿಡುವುದು ಅನ್ಯಾಯವೆಂದು ಚರಕಾ ಸಂಘ 1935ರಲ್ಲಿ ಒಪ್ಪಿಕೊಂಡು ಕೂಲಿಯನ್ನು ಹೆಚ್ಚಿಸಿತು. ಅದರೊಡನೆಯೇ ಖಾದಿಯ ಬೆಲೆಯೂ ಏರಿತು. ಪೇಟೆಗೆ ಮಾರುವುದಕ್ಕಿಂತ ತನ್ನ ಮನೆಗೆ ಬೇಕಾದಷ್ಟನ್ನು ತಾನೇ ನೂತು ತೊಡುವುದೇ ಹಳ್ಳಿಗೆ ಹಿತವೆಂಬ ವಿಚಾರಕ್ಕೆ ಆ ಬಳಿಕ ಬಲ ಬಂದಿತು. ಹೊಲದಲ್ಲಿ ಹತ್ತಿ, ಮನೆಯಲ್ಲಿ ಕೈಗಳು, ಹತ್ತಿರದ ಊರಿನಲ್ಲಿ ಮಗ್ಗ ಇರುವ ಈ ಸೀಮೆಗೆ ಅದು ಎಲ್ಲಕ್ಕಿಂತ ಹೊಂದುವ ಮಾತಾಗಿದ್ದಿತು. ಆದರೂ ಹಳ್ಳಿಯೊಂದು ತನ್ನ ಬಟ್ಟೆಯನ್ನೆಲ್ಲ ತಾನೇ ಮಾಡಿಕೊಂಡ ದಿನ ಬರಲಿಲ್ಲ. ಸೇವಕನ ಜೀವನದಲ್ಲಿ ಇಂಥ ಅರೆಗೆಲುವೇ ಹೆಚ್ಚು. ಮಹಾದೇವಪ್ಪನವರು ಕೆಲಸವನ್ನು ಬಿಡಲಿಲ್ಲ.

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಚಲೇಜಾವ್ ಗೊತ್ತುವಳಿ ಹೊರಟಿತು. ಮರುದಿನ ನಸುಕಿನಲ್ಲಿಯೇ ಗಾಂಧೀಜಿಯವರೂ ಉಳಿದ ನಾಯಕರೂ ಬಂಧನಕ್ಕೊಳಗಾದರು. ಹಳ್ಳಿಗಳಿಗೆ ನಿಶ್ಚಿತವಾದ ಆದೇಶವೊಂದೂ ತಲುಪಲಿಲ್ಲ. ತಲುಪಿದ್ದು ಬಂಧನದ ಸುದ್ದಿ ಮಾತ್ರ. ಧಾರವಾಡ ಜಿಲ್ಲೆಯಲ್ಲಿ ಚಳವಳಿ ಬೇರೊಂದು ರೂಪ ತಾಳಿತು. ಊರ ಚಾವಡಿಗಳಲ್ಲಿಯ ಸರಕಾರಿ ದಫ್ತರಗಳು ಬೆಂಕಿಗೆ ಬಿದ್ದವು, ತಂತಿಗಳು ಕತ್ತರಿಸಲ್ಪಟ್ಟವು, ಅಂಚೆ ಮತ್ತು ರೈಲು ಸಾಗಾಟಗಳಿಗೆ ತಡೆಯುಂಟಾಯಿತು. ಇಂಥ ತಂಡಗಳಲ್ಲಿ ಮುಂದಾಳಾಗಿ ನಿಂತವರಲ್ಲಿ ಮಹಾದೇವಪ್ಪನವರ ಹೆಸರು ಮೊದಲನೆಯದು. ಹರಿದ ಎಳೆಯನ್ನು ತಾಳ್ಮೆಯಿಂದ ಜೋಡಿಸುತ್ತಿದ್ದ ಬೆರಳುಗಳು ಈಗ ತಂತಿಗಳನ್ನು ತುಂಡರಿಸಲು ಹೊರಟಿದ್ದವು.

ಇಲ್ಲಿ ಓದುಗನ ಮನಸ್ಸು ಒಂದು ಕ್ಷಣ ತಡೆಯುವುದು ಸಹಜ, ತಡೆಯಲೂಬೇಕು. ಗಾಂಧೀಜಿಯವರ ಜೊತೆ ದಂಡಿಗೆ ನಡೆದವನ ದಾರಿ ಇದಾಗಬಹುದಿತ್ತೆ? 1944ರ ಮೇ ತಿಂಗಳಿನಲ್ಲಿ ಬಿಡುಗಡೆಯಾಗಿ ಬಂದ ಗಾಂಧೀಜಿಯವರು ಗುಪ್ತ ಚಟುವಟಿಕೆಯನ್ನೂ ವಿಧ್ವಂಸಕ ಕೃತ್ಯಗಳನ್ನೂ ಒಪ್ಪಲಿಲ್ಲವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಅದನ್ನು ಕೇಳಲು ಮಹಾದೇವಪ್ಪನವರು ಉಳಿದಿರಲಿಲ್ಲ. ಮನುಷ್ಯನ ಪ್ರಾಣಕ್ಕೆ ಕೈ ಹಾಕಬಾರದು, ಪರಾಡಳಿತ ನಡೆಯುವ ಸಾಧನಗಳನ್ನು ಮಾತ್ರ ಕೆಡಿಸಬೇಕು ಎಂಬುದೇ ಅವರ ತಂಡದ ಕಟ್ಟಾಗಿದ್ದಿತೆಂದು ಈ ಸೀಮೆ ಅವರನ್ನು ನೆನೆಯುತ್ತ ಬಂದಿದೆ. ಗುರುವಿನ ಮಾತನ್ನು ಅವರು ಮೀರಿದರೆಂದು ಒಬ್ಬರು, ಗುರು ಸೆರೆಯಲ್ಲಿದ್ದಾಗ ಶಿಷ್ಯನು ತನ್ನ ಬುದ್ಧಿಗೆ ತೋರಿದಂತೆ ನಡೆದನೆಂದು ಇನ್ನೊಬ್ಬರು ಹೇಳಬಹುದು. ಅವರನ್ನು ವೀರನೆಂದು ಕರೆದು ಈ ಪ್ರಶ್ನೆಯನ್ನು ಮುಚ್ಚಿಹಾಕುವುದು ಅವರಿಗೆ ಸಲ್ಲಿಸುವ ಗೌರವವಾಗದು. ಪ್ರಶ್ನೆಯನ್ನು ಎದುರಿಗಿಟ್ಟುಕೊಂಡೇ ಕೊನೆಯ ದಿನದ ಸಂಗತಿಯನ್ನು ನೋಡಬೇಕು.

ವರದಾ ನದಿಯ ಸೀಮೆಯ ಹೊಸರಿತ್ತಿಯಲ್ಲಿ ಸುತ್ತಣ ಹಳ್ಳಿಗಳಿಂದ ವಸೂಲಾದ ಭೂಕಂದಾಯದ ಹಣವನ್ನು ವೀರಭದ್ರ ದೇವರ ಗುಡಿಯಲ್ಲಿ ಇಟ್ಟು, ಬಂದೂಕಿನ ಪೋಲೀಸರನ್ನು ಕಾವಲಿರಿಸಿದ್ದರು. 1943ರ ಏಪ್ರಿಲ್ 1ರಂದು ಮಹಾದೇವಪ್ಪನವರ ತಂಡ ಆ ಖಜಾನೆಯ ಮೇಲೆ ಏರಿಹೋಯಿತು. ಕಾವಲುಗಾರರು ಗುಂಡು ಹಾರಿಸಿದರು. ಮಹಾದೇವಪ್ಪನವರು ಬಿದ್ದರು, ಅವರ ಜೊತೆಗಾರರಾದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಬಲಿಯಾದರು. ಮಹಾದೇವಪ್ಪನವರಿಗೆ ಆಗ ಮೂವತ್ತೆರಡು ತುಂಬಿರಲಿಲ್ಲ. ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಗಾಂಧೀಜಿಯವರು ತಮ್ಮ ಇಪ್ಪತ್ತೊಂದು ದಿನಗಳ ಉಪವಾಸವನ್ನು ಮುಗಿಸಿ ಆಗಿನ್ನೂ ಒಂದು ತಿಂಗಳಾಗುತ್ತ ಬಂದಿದ್ದಿತು.

ಆ ಗುಡಿಯಲ್ಲಿದ್ದ ಹಣ ಯಾವುದು? ಅದು ಹೊಲಗಳ ತೆರಿಗೆ. ಅರಳೆ ರೈಲು ಹತ್ತಿ ಹೋದ ಹೊಲಗಳು, ಬಟ್ಟೆಗಾಗಿ ಕಾಸು ಎಣಿಸುತ್ತಿದ್ದ ಒಕ್ಕಲು, ಕೊರಡೂರಿನ ಆಶ್ರಮ ಬದುಕಿಸಹೊರಟ ಹಳ್ಳಿಗಳು ಇವುಗಳಿಂದಲೇ ಕೂಡಿಬಂದ ಹಣ. ಒಂದು ಅಂಗಿಗೆ ಮೂವತ್ತು ದಿನಗಳ ನೂಲು ಬೇಕೆಂದು ಕೈಯಿಂದ ಅರಿತವನಿಗೆ, ಒಂದು ರೂಪಾಯಿ ಕಂದಾಯದಲ್ಲಿ ಎಷ್ಟು ದಿನಗಳ ದುಡಿಮೆ ಅಡಗಿದೆಯೆಂಬುದು ಪುಸ್ತಕ ಓದಿ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ. ರಾಟೆಯ ಮುಂದೆ ಕುಳಿತ ಮಹಾದೇವಪ್ಪನವರು ಬೇರೆ, ವೀರಭದ್ರನ ಗುಡಿಯ ಮುಂದೆ ನಿಂತ ಮಹಾದೇವಪ್ಪನವರು ಬೇರೆ ಎಂದು ಭಾವಿಸುವವರು ಈ ಸಂಬಂಧವನ್ನು ಗಮನಿಸಬೇಕು. ಹಳ್ಳಿಯ ದುಡಿಮೆ ಹಳ್ಳಿಯ ಕೈ ತಪ್ಪಿಹೋಗಬಾರದೆಂಬ ಒಂದೇ ಹಂಬಲ ಎರಡು ಕಡೆಯಲ್ಲಿಯೂ ಇದೆ. ಮೊದಲನೆಯ ದಾರಿ ನಿಧಾನದ್ದು, ಗುರು ಒಪ್ಪಿದ್ದು. ಎರಡನೆಯದು ಅವಸರದ್ದು, ಗುರು ಒಪ್ಪದೆ ಇದ್ದದ್ದು. ದಾರಿಗಳನ್ನು ತೂಗಿ ನೋಡುವ ಹಕ್ಕು ನಮಗಿದೆ. ಹಂಬಲವನ್ನು ಶಂಕಿಸುವ ಹಕ್ಕು ಇಲ್ಲ.

ಅವರು ತೀರಿಕೊಂಡ ನಾಲ್ಕು ವರ್ಷಗಳಿಗೆ ದೇಶ ಸ್ವತಂತ್ರವಾಯಿತು. ಅವರು ಬಲ್ಲ ವಿದ್ಯೆ ಧಾರವಾಡದ ಸೀಮೆಯಲ್ಲಿ ಅಳಿಯಲಿಲ್ಲವೆಂಬುದು ಸಮಾಧಾನದ ಸಂಗತಿ. ಧಾರವಾಡದ ಹತ್ತಿರದ ಗರಗದಲ್ಲಿ 1954ರಿಂದ ಖಾದಿ ಸಂಘವೊಂದು ರಾಷ್ಟ್ರಧ್ವಜದ ಬಟ್ಟೆಗೆ ಹೆಸರಾಯಿತು. 1957ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಧ್ವಜವನ್ನು ಹೊಲಿಯುವುದರಲ್ಲಿ ದೇಶಕ್ಕೇ ಮುಂದಾಯಿತು. ಧ್ವಜದ ಹೊಲಿಗೆ ಕಟ್ಟುನಿಟ್ಟಿನ ಮಾದರಿಯ ಹೊಲಿಗೆ: ಅಗಲಕ್ಕೂ ಎತ್ತರಕ್ಕೂ 3ಕ್ಕೆ 2ರ ಪ್ರಮಾಣ, ನಿಗದಿಯಾದ ಒಂಬತ್ತು ಅಳತೆ, ಎಳೆಯ ಎಣಿಕೆಯಿಂದ ಬಣ್ಣದ ವರೆಗೆ ಪ್ರತಿಯೊಂದಕ್ಕೂ ಪರೀಕ್ಷೆ. ಅಲ್ಲಿ ದುಡಿಯುವವರಲ್ಲಿ ಬಹುಮಂದಿ ಹೆಣ್ಣುಮಕ್ಕಳು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ಬದಲಾಗಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಅನುಮತಿ ದೊರೆತ ಮೇಲೆ, ಕೈನೂಲು ಮತ್ತು ಗಿರಣಿಗಳ ನಡುವಿನ ಹಳೆಯ ಹೋರಾಟ ಆ ಅಂಗಳದಲ್ಲಿ ಮತ್ತೆ ತಲೆಯೆತ್ತಿದೆ. ಕೊರಡೂರಿನಲ್ಲಿ ಕೇಳಿಬಂದಿರಬಹುದಾದ ಪ್ರಶ್ನೆಯೇ ಇದು: ಅಗ್ಗವಾದದ್ದು ಎದುರಿಗಿರುವಾಗ ಕೈಯ ದುಡಿಮೆಗೆ ತಕ್ಕ ಬೆಲೆ ಕೊಡುವವರಾರು?

ಇಂದಿನ ವಿದ್ಯಾರ್ಥಿಯ ಮೈಮೇಲೆ ಇರುವುದು ಹೆಚ್ಚಾಗಿ ಗಿರಣಿಯಲ್ಲಿ ಹೆಣೆದು ಸಿದ್ಧವಾಗಿ ಬಂದ ಬಟ್ಟೆ. ಅದನ್ನು ಕಳಚಿಡಬೇಕೆಂದು ಯಾರೂ ಒತ್ತಾಯ ಮಾಡಬೇಕಾಗಿಲ್ಲ. ಆದರೆ ಒಂದು ರಜೆಯಲ್ಲಿ ಆತನೋ ಆಕೆಯೋ ಮೂರು ಗಜ ಬಟ್ಟೆ ತಂದು, ಮನೆಯ ಹಿರಿಯಳ ಬಳಿ ಕುಳಿತು, ಕೊರಳ ಸೀಳು, ತೋಳಿನ ತುಂಡು, ಕಂಕುಳ ಚೌಕ ಇವುಗಳನ್ನು ಅಳೆದು, ಒಂದು ಜುಬ್ಬಾವನ್ನು ತಾನೇ ಹೊಲಿದು ತೊಟ್ಟರೆ, ಮೈಲಾರ ಮಹಾದೇವಪ್ಪನವರ ಜೀವನಚರಿತ್ರೆಯ ಒಂದು ಅಧ್ಯಾಯವನ್ನು ಕೈಯಿಂದ ಓದಿದಂತಾಗುವುದು. ಹೊಲಿಗೆ ಸೊಟ್ಟಗಾದರೂ ಚಿಂತೆಯಿಲ್ಲ. ಬಿಚ್ಚಿ ಮತ್ತೆ ಹಾಕಬಹುದು. ಬಟ್ಟೆಯ ಹಿಂದೆ ಒಬ್ಬರ ದಿನಗಳಿವೆಯೆಂಬ ತಿಳಿವಳಿಕೆ ಒಮ್ಮೆ ಬಂದರೆ ಅದು ಮರಳಿ ಹೋಗುವುದಿಲ್ಲ. ಮೋಟೆಬೆನ್ನೂರಿನ ಆ ತರುಣ ಸಾಬರಮತಿಯಿಂದ ತಂದದ್ದು ಆ ತಿಳಿವಳಿಕೆಯನ್ನೇ. ಅದನ್ನು ತನ್ನ ಸೀಮೆಗೆ ಹಂಚುತ್ತಲೇ ಆತನ ಆಯುಷ್ಯ ಮುಗಿಯಿತು.